ಅಪ್ಪನ ಸೋನಾ ವಾಚಿನ ಗಿಲೀಟು ಹೋಗಿದೆ, ಮತ್ತೆ ಚಿನ್ನದ ನೀರು ಹಾಕಿಸಬಹುದಾ?

ಟೈಲರ್_ಮಗ_ತಿಪಟೂರು

ಎಲ್ಲರಿಗೂ ನಮಸ್ಕಾರ. ಅಪ್ಪನ ಹತ್ತಿರ ಒಂದು ಎಚ್‌ಎಂಟಿ ಸೋನಾ ಇದೆ. ಕೀ ಕೊಡುವ ವಾಚು, ತೆಳ್ಳಗೆ, ದುಂಡಗೆ, ಚಿನ್ನದ ಬಣ್ಣದ ಕೇಸು. 1986ರಲ್ಲಿ ದುಡ್ಡು ಕೂಡಿಟ್ಟು ತಾವೇ ಕೊಂಡಿದ್ದು. ಮಷೀನು ಈಗಲೂ ಚೆನ್ನಾಗಿ ಓಡುತ್ತದೆ. ತೊಂದರೆ ಇರುವುದು ಕೇಸಿನಲ್ಲಿ.

ಅಪ್ಪ ಟೈಲರ್. ಎಡಗೈಯ ಕಿರುಬೆರಳ ಮಗ್ಗುಲನ್ನು ಮೇಜಿಗೆ ಊರಿ ಬಟ್ಟೆ ತಳ್ಳುತ್ತಿದ್ದರು. ಹಾಗಾಗಿ ವಾಚಿನ 12ರ ಕಡೆಯೇ ಜಾಸ್ತಿ ಸವೆದಿದೆ. ಆ ಕಡೆ ಬೆಲ್ಟು ಸಿಕ್ಕಿಸುವ ಎರಡು ಕಿವಿಗಳಲ್ಲೂ ಚಿನ್ನ ಪೂರ್ತಿ ಹೋಗಿ ಹಿತ್ತಾಳೆ ಕಾಣುತ್ತಿದೆ. ಹಿಂದಿನ ಮುಚ್ಚಳದ ಸುತ್ತ ಹಸಿರು ಕಿಲುಬು ಕಟ್ಟಿ ಸಣ್ಣ ಸಣ್ಣ ಗುಳಿ ಬಿದ್ದಿವೆ.

ಹೋದ ವರ್ಷ ಚಿಕ್ಕಪ್ಪನ ವಾಚನ್ನು ನಮ್ಮ ಕಡೆಯ ಒಂದು ಅಂಗಡಿಗೆ ಕೊಟ್ಟಿದ್ದೆ. ಎರಡೇ ದಿನದಲ್ಲಿ ಫಳಫಳ ಅಂತ ಹೊಳೆಯುತ್ತಾ ಬಂತು. ಆದರೆ ಕೇಸಿನ ಅಂಚುಗಳೆಲ್ಲ ಬಳಸಿದ ಸೋಪಿನ ಹಾಗೆ ದುಂಡಗಾಗಿದ್ದವು. ಹಿಂದಿನ ಮುಚ್ಚಳದ ಮೇಲಿನ ಅಕ್ಷರ ಅರ್ಧ ಅಳಿಸಿಹೋಗಿತ್ತು. ಐದು ತಿಂಗಳಿಗೆ ಬಣ್ಣವೂ ಹೋಯಿತು. ಚಿಕ್ಕಪ್ಪ ಏನೂ ಅನ್ನಲಿಲ್ಲ, ನನಗೇ ಮುಖ ತೋರಿಸಲು ಕಷ್ಟವಾಯಿತು. ಅಪ್ಪನ ವಾಚಿಗೆ ಹಾಗೆ ಆಗಬಾರದು. ತಿಳಿದವರು ದಾರಿ ಹೇಳಿ.

ಹಳೇವಾಚು_ಹುಬ್ಬಳ್ಳಿ

ದಯವಿಟ್ಟು ಮುಟ್ಟಿಸಬೇಡಿ. ಸವೆದ ಕೇಸು ಸವೆದೇ ಇರಲಿ. ಒಂದು ಸಲ ಬಫ್ ಚಕ್ರಕ್ಕೆ (ಹೊಳಪು ಬರಿಸುವ ಬಟ್ಟೆಯ ಚಕ್ರ) ಕೊಟ್ಟರೆ ಹೋದ ಲೋಹ ವಾಪಸ್ ಬರುವುದಿಲ್ಲ. ಈಗ ಆನ್‌ಲೈನಿನಲ್ಲಿ ಸಿಗುವ ಹಳೇ ಎಚ್‌ಎಂಟಿಗಳಲ್ಲಿ ಎಷ್ಟೋ ಹೊಸ ಡಯಲ್ ಬರೆಸಿ, ಕೇಸಿಗೆ ಬಣ್ಣ ಹಾಕಿಸಿ, ಹಳೇ ಸ್ಟಾಕು ಅಂತ ಮಾರುವ ಮಾಲು. ನಿಮ್ಮದು ಅಸಲಿ. ಅದರ ಬೆಲೆ ಇರುವುದೇ ಅಲ್ಲಿ.

ಜಾಲಹಳ್ಳಿ_ನಿವೃತ್ತೆ

ತಿಪಟೂರಿನ ತಮ್ಮ, ನಾನು ಜಾಲಹಳ್ಳಿ ವಾಚ್ ಫ್ಯಾಕ್ಟರಿಯಲ್ಲಿ ಅಸೆಂಬ್ಲಿಯಲ್ಲಿ ಇದ್ದವಳು. ನಮ್ಮ ಸಾಲಿನಲ್ಲಿ ಹೆಚ್ಚು ಹೆಂಗಸರೇ ಇದ್ದೆವು. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಶುರುವಾದ ಕಾರ್ಖಾನೆ ಅದು. 1978ರಲ್ಲಿ ನಿಮ್ಮ ತುಮಕೂರಿನಲ್ಲೂ ಒಂದು ಬಂತು. ನಿಮ್ಮ ಅಪ್ಪನ ವಾಚು ಎಲ್ಲಿ ಜೋಡಿಸಿದ್ದೋ, ಅದನ್ನು ಯಾರೋ ಒಬ್ಬರು ಕಣ್ಣಿಗೆ ಲೆನ್ಸು ಸಿಕ್ಕಿಸಿಕೊಂಡು ಬಹಳ ಜೋಪಾನವಾಗಿ ಕೂರಿಸಿರುತ್ತಾರೆ. ಓದುವಾಗಲೇ ಕೈ ತುರಿಸಿತು.

ಹುಬ್ಬಳ್ಳಿಯವರ ಮಾತು ಸಂಗ್ರಹಕ್ಕೆ ಇಡುವ ವಾಚಿಗೆ ಸರಿ. ಇದು ಕೈಗೆ ಕಟ್ಟುವ ವಾಚು. ಆ ಕಾಲದಲ್ಲಿ ಸೋನಾ, ಕಾಂಚನ್ ಅಂದರೆ ಮದುವೆ ಗಂಡಿಗೆ ಕೊಡುವ ವಾಚು. ಹಳದಿ ಹೊಳಪೇ ಅದರ ಅಂದ. ಹಾಗಾಗಿ ಹಾಕಿಸುವುದು ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ಹೇಗೆ ಹಾಕಿಸುತ್ತೀರಿ ಅನ್ನುವುದು ಮುಖ್ಯ.

ಮೊದಲು ಒಂದು ಕೆಲಸ ಮಾಡಿ. ಹತ್ತು ಪಟ್ಟು ದೊಡ್ಡದು ಮಾಡುವ ಲೆನ್ಸಿನಲ್ಲಿ ಆ ಸವೆದ ಕಿವಿಯನ್ನು ನೋಡಿ. ಚಿನ್ನ ಮುಗಿದು ಹಿತ್ತಾಳೆ ಶುರುವಾಗುವ ಗಡಿಯಲ್ಲಿ ಏನು ಕಾಣುತ್ತದೆ, ಬರೆಯಿರಿ. ಇನ್ನೊಂದು, ನಿಮ್ಮ ಅಪ್ಪನವರನ್ನು ಕೇಳಿದ್ದೀರಾ?

ಟೈಲರ್_ಮಗ_ತಿಪಟೂರು

ಅಮ್ಮ, ನಿಮ್ಮ ಮಾತು ಓದಿ ಬಹಳ ಖುಷಿಯಾಯಿತು. ಲೆನ್ಸು ತಂದು ನೋಡಿದೆ. ಬರೀ ಕಣ್ಣಿಗೆ ಕಾಣದ್ದು ಕಂಡಿತು. ಹೊರಗೆ ಚಿನ್ನ. ಅದು ಮುಗಿಯುವ ಕಡೆ ಕೂದಲೆಳೆಯಷ್ಟು ತೆಳುವಾದ ಬಿಳಿ ಬೂದು ಗೆರೆ. ಅದರ ಒಳಗೆ ಹಿತ್ತಾಳೆಯ ಮಂಕು ಹಳದಿ. ಕೆರೆ ಬತ್ತುವಾಗ ದಡದಲ್ಲಿ ಪಟ್ಟೆ ಪಟ್ಟೆ ಬಿಡುತ್ತದಲ್ಲ, ಹಾಗೆ.

ಅಪ್ಪನನ್ನೂ ಕೇಳಿದೆ. ಇಲ್ಲಿ ಒಬ್ಬರು ಹಾಗೇ ಇಡು ಅನ್ನುತ್ತಾರೆ ಅಂದೆ. ಅಪ್ಪ, "ನಾನು ತಗೊಂಡಾಗ ಹಳದಿ ಇತ್ತು. ಹಳದಿ ಇರಲಿ ಅಂತಲೇ ಜಾಸ್ತಿ ದುಡ್ಡು ಕೊಟ್ಟಿದ್ದು" ಅಂದರು. ಅಲ್ಲಿಗೆ ನನ್ನ ಅನುಮಾನ ಮುಗಿಯಿತು. ತಂಗಿಯ ಮಗನ ಮದುವೆ ಬರುತ್ತಿದೆ, ಅಷ್ಟರೊಳಗೆ ಆಗಬೇಕಂತೆ.

ಜಾಲಹಳ್ಳಿ_ನಿವೃತ್ತೆ

ಆ ಬೂದು ಗೆರೆ ನಿಕ್ಕಲ್. ಹಿತ್ತಾಳೆ, ಅದರ ಮೇಲೆ ನಿಕ್ಕಲ್, ಅದರ ಮೇಲೆ ಚಿನ್ನ. ಹೊಸದಾಗಿ ಹಾಕುವವರೂ ಅದೇ ಕ್ರಮದಲ್ಲಿ ಹಾಕಬೇಕು. ಹಿತ್ತಾಳೆ ಮೇಲೆ ನೇರ ಚಿನ್ನದ ನೀರು ಬಿಟ್ಟು ಕೊಡುವವರ ಹತ್ತಿರ ಹೋಗಬೇಡಿ.

ರಸಾಯನ_ಮೇಷ್ಟ್ರು

ಅಮ್ಮ ಹೇಳಿದ್ದಕ್ಕೆ ಕಾರಣ ಸೇರಿಸುತ್ತೇನೆ. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು. ಅದರ ಮೇಲೆ ಸೀದಾ ಚಿನ್ನ ಕೂರಿಸಿದರೆ ತಾಮ್ರದ ಕಣಗಳು ದಿನ ಕಳೆದ ಹಾಗೆ ಚಿನ್ನದೊಳಗೆ ನುಸುಳಿ ಮೇಲೆ ಬರುತ್ತವೆ. ಮೇಲೆ ಬಂದ ತಾಮ್ರ ಗಾಳಿಗೆ ಕಪ್ಪಾಗುತ್ತದೆ. ಚಿನ್ನ ಕಪ್ಪಾಯಿತು ಅಂತ ನಾವು ಅಂದುಕೊಳ್ಳುತ್ತೇವೆ, ಅದು ಕೆಳಗಿನ ತಾಮ್ರ. ನಡುವಿನ ನಿಕ್ಕಲ್ ಅದಕ್ಕೆ ಅಡ್ಡಗೋಡೆ. ಚಿನ್ನ ಮೆದು. ಕೆಳಗೆ ಗಟ್ಟಿ ನಿಕ್ಕಲ್ ಇದ್ದರೆ ಬೇಗ ಸವೆಯುವುದಿಲ್ಲ.

ಕೆಲವರಿಗೆ ನಿಕ್ಕಲ್ ಚರ್ಮಕ್ಕೆ ಆಗುವುದಿಲ್ಲ, ಕೆರೆತ ಬರುತ್ತದೆ. ಅಪ್ಪನಿಗೆ ವಾಚಿನ ಜಾಗದಲ್ಲಿ ಕೆಂಪಗೆ ಆಗುತ್ತಿದ್ದರೆ ಅಂಗಡಿಯವರಿಗೆ ಮೊದಲೇ ಹೇಳಿ. ನಿಕ್ಕಲ್ ಬದಲು ಪಲ್ಲಾಡಿಯಂ ಅನ್ನುವ ಲೋಹ ಬಳಸಬಹುದು, ಖರ್ಚು ಜಾಸ್ತಿ.

ನಗರ್ತಪೇಟೆ_ಪಾಲಿಷ್

ನಾನು ಇದೇ ಕೆಲಸದವನು. 28 ವರ್ಷ ಆಯಿತು. ಒಡವೆಯೇ ಹೆಚ್ಚು, ವಾಚಿನ ಕೇಸು ತಿಂಗಳಿಗೆ ನಾಲ್ಕೈದು ಬರುತ್ತವೆ. ಹೆಂಗೆ ಮಾಡುತ್ತೇವೆ ಅಂತ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ಕೇಸು ಬಂದ ಕೂಡಲೇ ಫೋಟೋ. ಅದರಲ್ಲೂ ಎರಡು ಕಿವಿಗಳ ನಡುವೆ, ಬೆಲ್ಟಿನ ಮರೆಯಲ್ಲಿ. ಅಲ್ಲಿ ಬೆವರು, ತಿಕ್ಕಾಟ ಕಡಿಮೆ, ಮೊದಲಿನ ಚಿನ್ನ ಹಾಗೇ ಉಳಿದಿರುತ್ತದೆ. ನಮಗೆ ಬಣ್ಣದ ಸ್ಯಾಂಪಲ್ ಅದೇ. ಎಷ್ಟೋ ಜನ ಇದನ್ನು ನೋಡದೆ 24 ಕ್ಯಾರೆಟ್ ಬಣ್ಣ ಹಾಕಿ ಕಳಿಸುತ್ತಾರೆ. ವಾಚು ಒಂದು ಗ್ರಾಂ ಗೋಲ್ಡಿನ ಬಳೆ ಥರ ಕಾಣುತ್ತದೆ. ಹಳೇ ವಾಚಿನ ಹಳದಿ ಸ್ವಲ್ಪ ತಿಳಿ. ಚಿನ್ನದ ಬಣ್ಣಕ್ಕೆ ನಂಬರು ಇದೆ: 1ಎನ್ ತಿಳಿ ಹಳದಿ, 2ಎನ್ ಅದಕ್ಕಿಂತ ಸ್ವಲ್ಪ ಗಾಢ, 3ಎನ್ ಇನ್ನೂ ಗಾಢ. 4ಎನ್, 5ಎನ್ ಕೆಂಪು ಕಡೆಗೆ ಹೋಗುತ್ತವೆ. ಕಿವಿಗಳ ನಡುವಿನ ಬಣ್ಣಕ್ಕೆ ಹೊಂದುವ ನಂಬರು ಹಾಕಿ ಅಂತ ಬಾಯಿಬಿಟ್ಟು ಕೇಳಿ. ಕೀ ಮತ್ತು ಬೆಲ್ಟಿನ ಬಕಲ್ಲನ್ನೂ ಜೊತೆಗೇ ಕೊಡಿ. ಆಮೇಲೆ ಬೇರೆ ದಿನ ಹಾಕಿದರೆ ಬಣ್ಣ ಕೂಡುವುದಿಲ್ಲ.

ಆಮೇಲೆ ಹಳೇ ಪದರ ತೆಗೆಯುವುದು. ಅರ್ಧ ಉಳಿದ ಹಳೇ ಗಿಲೀಟಿನ ಮೇಲೆ ಹೊಸದು ಹಾಕಿದರೆ ಆ ಗಡಿ ಮೆಟ್ಟಿಲಿನ ಹಾಗೆ ಎದ್ದು ಕಾಣುತ್ತದೆ. ತೆಗೆದ ಮೇಲೆ ಗುಳಿ ತುಂಬಬೇಕು. ಮೇಲುಮೇಲಿನ ಗುಳಿಯಾದರೆ ತಾಮ್ರವನ್ನೇ ದಪ್ಪ ಕೂರಿಸಿ, ಉಜ್ಜಿ, ಮತ್ತೆ ಕೂರಿಸಿ, ಮತ್ತೆ ಉಜ್ಜುತ್ತೇವೆ. ಗೋಡೆಗೆ ಪುಟ್ಟಿ ಹಾಕಿ ಉಜ್ಜಿದ ಹಾಗೆಯೇ. ಆಳದ ಗುಳಿಗೆ ಬೆಸುಗೆ ಬೇಕು. ತವರದ ಬೆಸುಗೆ ಸುಲಭ, ಕಡಿಮೆ ಶಾಖಕ್ಕೆ ಕರಗುತ್ತದೆ, ಆದರೆ ಮೆದು. ಬೆಳ್ಳಿ ಬೆಸುಗೆ ಗಟ್ಟಿ, ಆದರೆ 650 ಡಿಗ್ರಿ ದಾಟಿ ಕಾಯಿಸಬೇಕು. ತೆಳು ಕೇಸು ಸೊಟ್ಟಗಾಗುವ ಭಯ ಇದೆ. ಸೋನಾದಂಥ ತೆಳು ಕೇಸಿಗೆ ನಾನು ಬೆಳ್ಳಿ ಬೆಸುಗೆ ಹಾಕುವುದಿಲ್ಲ. ಲೇಸರ್ ಬೆಸುಗೆ ಇದ್ದರೆ ಚೆನ್ನ.

ಇಷ್ಟೂ ಆದ ಮೇಲೆ ನಿಕ್ಕಲ್. ಅದಾದ ಮೇಲೆ ಚಿನ್ನ. ಚಿನ್ನದ ತೊಟ್ಟಿಯ ಕೆಲಸ, ಅಂದರೆ ಚಿನ್ನದ ದ್ರಾವಣದಲ್ಲಿ ಕೇಸು ಮುಳುಗಿಸಿ ಕರೆಂಟು ಹರಿಸುವುದು, ಕೆಲವು ನಿಮಿಷದ್ದು. ನಾಲ್ಕು ದಿನ ಹಿಡಿಯುವುದು ಅದಕ್ಕಿಂತ ಮುಂಚಿನದು. ಒಂದು ಗಂಟೆಯಲ್ಲಿ ಮಾಡಿಕೊಡುತ್ತೇನೆ ಅನ್ನುವವರು ಮುಂಚಿನದನ್ನು ಬಿಟ್ಟಿರುತ್ತಾರೆ.

ಟೈಲರ್_ಮಗ_ತಿಪಟೂರು

ಅಣ್ಣ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಧನ್ಯವಾದ. ಒಬ್ಬರು ಫೋನಿನಲ್ಲಿ 10 ಮೈಕ್ರಾನ್ ಹಾಕುತ್ತೇನೆ, 400 ರೂಪಾಯಿ ಅಂದರು. ಇನ್ನೊಬ್ಬರು 5 ಮೈಕ್ರಾನ್‌ಗೆ 3,500 ಅಂದರು. ಯಾರನ್ನು ನಂಬಲಿ? ಮೈಕ್ರಾನ್ ಕಣ್ಣಿಗೆ ಕಾಣುವುದಿಲ್ಲ ಅಲ್ವಾ?

ನಗರ್ತಪೇಟೆ_ಪಾಲಿಷ್

ಕಣ್ಣಿಗೆ ಕಾಣುವುದಿಲ್ಲ, ತಕ್ಕಡಿಗೆ ಕಾಣುತ್ತದೆ. ಇದನ್ನು ಎಲ್ಲರೂ ತಿಳಿದುಕೊಳ್ಳಬೇಕು, ಅದಕ್ಕೇ ಪೂರ್ತಿ ಲೆಕ್ಕ ಬರೆಯುತ್ತೇನೆ.

ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಚಿನ್ನದ ಸಾಂದ್ರತೆ 19.3. ಹಾಗಾಗಿ ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ 1 ಮೈಕ್ರಾನ್ ಚಿನ್ನ ಕೂರಬೇಕಾದರೆ 1.93 ಮಿಲಿಗ್ರಾಂ ಬೇಕು. ಗಂಡಸರ ಸಣ್ಣ ವಾಚಿನ ಕೇಸಿನ ಹೊರಮೈ ಸುಮಾರು 15 ಚದರ ಸೆಂಟಿಮೀಟರ್ ಅಂತ ಇಟ್ಟುಕೊಳ್ಳಿ. 10 ಮೈಕ್ರಾನ್‌ಗೆ 290 ಮಿಲಿಗ್ರಾಂ ಚಿನ್ನ ಆಯಿತು. ಗ್ರಾಮಿಗೆ 10,000 ರೂಪಾಯಿ ಅಂತ ಹಿಡಿದರೂ ಚಿನ್ನವೇ 2,900 ರೂಪಾಯಿ. 400 ರೂಪಾಯಿಗೆ ಯಾರು ಕೊಡುತ್ತಾರೆ, ಹೇಳಿ. 400ಕ್ಕೆ ಕೂರುವುದು 0.2 ಮೈಕ್ರಾನ್ ಇರಬಹುದು. ಅಂದರೆ 6 ಮಿಲಿಗ್ರಾಂ, 60 ರೂಪಾಯಿ ಚಿನ್ನ. ನಿಮ್ಮ ಚಿಕ್ಕಪ್ಪನ ವಾಚಿಗೆ ಆಗಿದ್ದು ಅದೇ.

5 ಮೈಕ್ರಾನ್‌ಗೆ 145 ಮಿಲಿಗ್ರಾಂ, ಚಿನ್ನ 1,450 ರೂಪಾಯಿ. ಕೂಲಿ, ನಿಕ್ಕಲ್, ಗುಳಿ ತುಂಬುವ ಕೆಲಸ ಸೇರಿ 3,500 ನ್ಯಾಯವೇ.

ಈಗ ಕೇಳಬೇಕಾದ್ದು ಒಂದೇ. ನಿಕ್ಕಲ್ ಆದ ಮೇಲೆ ಒಂದು ಸಲ, ಚಿನ್ನ ಆದ ಮೇಲೆ ಒಂದು ಸಲ ಕೇಸನ್ನು ತೂಗಿ ಬರೆದುಕೊಡಿ ಅನ್ನಿ. ಚಿನ್ನದ ಕೆಲಸದವರ ಎಲ್ಲರ ಹತ್ತಿರವೂ ಮಿಲಿಗ್ರಾಂ ತೋರಿಸುವ ತಕ್ಕಡಿ ಇರುತ್ತದೆ. 1 ಮೈಕ್ರಾನ್‌ಗೆ 29 ಮಿಲಿಗ್ರಾಂ ಆಯಿತಲ್ಲ, ಬಂದ ವ್ಯತ್ಯಾಸವನ್ನು 29ರಿಂದ ಭಾಗಿಸಿ, ಸುಮಾರಾಗಿ ಮೈಕ್ರಾನ್ ಸಿಗುತ್ತದೆ. ಕೇಸಿನ ಒಳಗಡೆಗೂ ಚಿನ್ನ ಹತ್ತಿದರೆ ಲೆಕ್ಕ ತಪ್ಪುತ್ತದೆ. ಅದಕ್ಕೆ ಒಳಗೆ ಲ್ಯಾಕರ್ ಬಳಿದು ಮುಚ್ಚಲು ಹೇಳಿ, ನಿಮ್ಮ ಚಿನ್ನವೂ ಉಳಿಯುತ್ತದೆ.

ಒಂದು ಮಾತು. ಕರೆಂಟು ಚೂಪು ಅಂಚಿನ ಕಡೆಗೇ ಜಾಸ್ತಿ ಓಡುತ್ತದೆ. ಅಂಚಿನಲ್ಲಿ ದಪ್ಪ, ಸಂದಿಯಲ್ಲಿ ತೆಳು ಕೂರುತ್ತದೆ. ವಾಚಿಗೆ ಅದು ಒಳ್ಳೆಯದೇ, ಸವೆಯುವುದು ಅಂಚೇ ತಾನೆ.

ಹಳೇವಾಚು_ಹುಬ್ಬಳ್ಳಿ

ಇಷ್ಟು ವರ್ಷದಿಂದ ವಾಚು ಕೂಡಿಡುತ್ತಿದ್ದೇನೆ, ಈ ತೂಕದ ಲೆಕ್ಕ ಯಾರೂ ಹೇಳಿರಲಿಲ್ಲ. ಸ್ವಿಸ್ ವಾಚುಗಳ ಕಿವಿಗಳ ನಡುವೆ "20 ಮೈಕ್ರಾನ್" ಅಂತ ಒತ್ತಿರುತ್ತಾರೆ. ನಿಮ್ಮ ಲೆಕ್ಕದಲ್ಲಿ ಅದು ಅರ್ಧ ಗ್ರಾಮಿಗಿಂತ ಜಾಸ್ತಿ ಚಿನ್ನ! ಅವು ಐವತ್ತು ಅರವತ್ತು ವರ್ಷ ಆದರೂ ಹಳದಿಯಾಗೇ ಇರುವುದು ಏಕೆ ಅಂತ ಈಗ ಗೊತ್ತಾಯಿತು.

ಬೆಣ್ಣೆನಗರಿ_ವಾಚ್‌ರಿಪೇರಿ

ದಾವಣಗೆರೆಯಿಂದ. ಪ್ಲೇಟಿಂಗ್, ಅಂದರೆ ಪದರ ಕೂರಿಸುವ ಕೆಲಸದ ಬಗ್ಗೆ ನಗರ್ತಪೇಟೆ ಅಣ್ಣ ಹೇಳಿದರು, ನಾನು ನನ್ನ ಭಾಗ ಹೇಳುತ್ತೇನೆ.

ಕೇಸು ಪ್ಲೇಟಿಂಗ್‌ಗೆ ಹೋಗುವ ಮುಂಚೆ ಬರೀ ಲೋಹ ಆಗಬೇಕು. ಮಷೀನು, ಡಯಲ್, ಮುಳ್ಳು, ಗಾಜು, ಕೀ, ಒಳಗಿನ ರಬ್ಬರ್ ರಿಂಗು, ಪಿನ್ನುಗಳು, ಎಲ್ಲ ಆಚೆ. ಗಾಜು ಪ್ಲಾಸ್ಟಿಕ್ಕಿನದು, ಬಿಸಿಗೆ, ಆಸಿಡ್ಡಿಗೆ ತಡೆಯುವುದಿಲ್ಲ. ಬಿಚ್ಚುವುದನ್ನು ಪ್ಲೇಟಿಂಗಿನವರಿಗೆ ಬಿಡಬೇಡಿ. ವಾಚಿನವರ ಹತ್ತಿರ ಬಿಚ್ಚಿಸಿ, ಮಷೀನನ್ನು ಮುಚ್ಚಳ ಇರುವ ಡಬ್ಬಿಯಲ್ಲಿ ಇಟ್ಟು ಮನೆಯಲ್ಲಿಡಿ. ಕೇಸು ಹಿತ್ತಾಳೆಯೋ ಸ್ಟೀಲೋ ನೋಡಲು ಕೆಲವರು ಅಯಸ್ಕಾಂತ ಹಿಡಿಯುತ್ತಾರೆ. ಹಿತ್ತಾಳೆಗೂ ಅದು ಅಂಟುವುದಿಲ್ಲ, ವಾಚಿಗೆ ಬಳಸುವ ಸ್ಟೀಲಿಗೂ ಹೆಚ್ಚಾಗಿ ಅಂಟುವುದಿಲ್ಲ. ಸುಮ್ನೆ ಒಳಗಿನ ಕೂದಲೆಳೆ ಸ್ಪ್ರಿಂಗ್ ಕಾಂತ ಹಿಡಿದು ವಾಚು ಮುಂದೆ ಓಡಲು ಶುರು ಮಾಡುತ್ತದೆ.

ಇನ್ನು ಅಂಚು. ನಿಮ್ಮ ಚಿಕ್ಕಪ್ಪನ ವಾಚು ಕೆಟ್ಟಿದ್ದು ಬಣ್ಣದಿಂದಲ್ಲ, ಬಫ್‌ನಿಂದ. ಬಟ್ಟೆಯ ಚಕ್ರ ಮೆತ್ತಗಿರುತ್ತದೆ, ಅಂಚಿನ ಎರಡೂ ಕಡೆ ಸುತ್ತಿಕೊಂಡು ಎರಡನ್ನೂ ತಿನ್ನುತ್ತದೆ. ನಾನು ಮೊದಲು ಕೈಯಲ್ಲೇ ಉಜ್ಜುತ್ತೇನೆ. ಚಪ್ಪಟೆ ಮರದ ಪಟ್ಟಿಗೆ ಮರಳು ಕಾಗದ ಅಂಟಿಸಿ, ನೀರು ಹಾಕಿ, 600, 1000, 2000 ನಂಬರು ಹೀಗೆ. ಚಪ್ಪಟೆ ಮುಖವನ್ನು ಗಾಜಿನ ಹಲಗೆಯ ಮೇಲೆ ಕಾಗದ ಇಟ್ಟು ಎಳೆಯುತ್ತೇನೆ. ಒಂದೊಂದು ಮುಖ ಬೇರೆ ಬೇರೆ. ಚಕ್ರ ಮುಟ್ಟುವುದು ಕೊನೆಗೆ ಒಂದೆರಡು ಸಲ, ಅದೂ ಗಟ್ಟಿ ಫೆಲ್ಟ್ ಚಕ್ರ. ಕಿವಿಯ ಅಂಚಿನ ಮೇಲೆ ಉಗುರು ಎಳೆದರೆ ಇನ್ನೂ ತಡೆಯಬೇಕು. ತಡೆಯಿತು ಅಂದರೆ ಕೇಸು ಉಳಿಯಿತು.

ಮುಚ್ಚಳ ಸ್ಟೀಲಿನದು, ಅದಕ್ಕೆ ಪ್ಲೇಟಿಂಗ್ ಬೇಡ. ಅಕ್ಷರದ ಮೇಲೆ ಕಾಗದ ಆಡಿಸಲೂ ಬೇಡಿ. ಸೋಪು ನೀರು, ಮೆತ್ತನೆ ಬ್ರಷ್ಷು ಸಾಕು.

ಜಾಲಹಳ್ಳಿ_ನಿವೃತ್ತೆ

ಮುಚ್ಚಳದ ವಿಚಾರ ಬಂತಲ್ಲ, ಒಂದು ಹೇಳಲೇಬೇಕು. ಮುಚ್ಚಳ ಕೂರುವ ಅಂಚಿಗೆ, ಗಾಜು ಕೂರುವ ಅಂಚಿಗೆ, ಕೀ ಹೋಗುವ ಕೊಳವೆಗೆ ತಾಮ್ರ ನಿಕ್ಕಲ್ ಹತ್ತದ ಹಾಗೆ ಮುಚ್ಚಿಸಿ. ಅಲ್ಲಿ ಒಂದಿಷ್ಟು ದಪ್ಪ ಕೂತರೂ ಮುಚ್ಚಳ ಕಚ್ಚುವುದಿಲ್ಲ. ಕಚ್ಚಿಲ್ಲ ಅಂತ ಒತ್ತಿದರೆ ಗಾಜು ಸೀಳುತ್ತದೆ. ಅಸೆಂಬ್ಲಿಯಲ್ಲಿ ನಾವು ಮುಚ್ಚಳ ಒತ್ತುವಾಗ ಟಕ್ ಅನ್ನುವ ಸದ್ದಿಗೇ ಕಿವಿ ಕೊಡುತ್ತಿದ್ದೆವು. ಒಂದೇ ಸದ್ದು, ಚಿಕ್ಕದು, ಗಟ್ಟಿ. ಎರಡು ಸಲ ಟಕ್ ಅಂದರೆ ಎಲ್ಲೋ ಒಂದು ಕಡೆ ಎದ್ದಿದೆ ಅಂತ ಅರ್ಥ.

ಕಲಬುರಗಿ_ಹುಡುಗ

ಆನ್‌ಲೈನಿನಲ್ಲಿ ಪೆನ್ನಿನ ಥರದ ಪ್ಲೇಟಿಂಗ್ ಕಿಟ್ ಸಿಗುತ್ತದೆ. ಬ್ಯಾಟರಿ, ಒಂದು ಬಾಟಲಿ ದ್ರವ. ಮನೆಯಲ್ಲೇ ಮಾಡಿಕೊಂಡರೆ ಆಗುವುದಿಲ್ಲವೇ?

ರಸಾಯನ_ಮೇಷ್ಟ್ರು

ತಮ್ಮಾ, ಬೇಡ. ಚಿನ್ನದ ದ್ರಾವಣಗಳಲ್ಲಿ ಹೆಚ್ಚಿನವು ಸಯನೈಡ್ ಇರುವಂಥವು. ಕೇಸು ತೊಳೆಯಲು ಪಕ್ಕದಲ್ಲೇ ಆಸಿಡ್ ಇಟ್ಟಿರುತ್ತೀರಿ. ಆಸಿಡ್ಡೂ ಸಯನೈಡೂ ಸೇರಿದರೆ ಏಳುವುದು ಹೈಡ್ರೋಜನ್ ಸಯನೈಡ್ ಅನಿಲ. ಅಡುಗೆಮನೆಯಷ್ಟು ಜಾಗದಲ್ಲಿ ಅದು ಪ್ರಾಣ ತೆಗೆಯುತ್ತದೆ. ಸಯನೈಡ್ ಇಲ್ಲದ ಸಲ್ಫೈಟ್ ದ್ರಾವಣಗಳೂ ಇವೆ. ಆದರೂ ಪೆನ್ನಿನಲ್ಲಿ ಬಳಿದದ್ದು ಬಹಳ ತೆಳು, ಕೈಗೆ ಕಟ್ಟುವ ವಾಚಿಗೆ ನಿಲ್ಲುವುದಿಲ್ಲ. ಬಳಸಿದ ನೀರನ್ನು ಸಿಂಕಿಗೆ ಸುರಿಯುವುದಂತೂ ದೊಡ್ಡ ತಪ್ಪು. ಬೆಂಗಳೂರಿನ ಪೀಣ್ಯದಲ್ಲಿ ಪ್ಲೇಟಿಂಗ್ ಘಟಕಗಳಿಂದ ಬೋರ್‌ವೆಲ್ ನೀರಿಗೆ ಕ್ರೋಮಿಯಂ ಸೇರಿದ್ದು ಎಲ್ಲರಿಗೂ ಗೊತ್ತಿರುವ ವಿಚಾರ. ಬಾಯಿಗೆ ಹೋಗುವ ನೀರು ಅದು.

ಮನೆಯಲ್ಲಿ ಮಾಡಬಹುದಾದ್ದು ತೊಳೆಯುವುದು, ಗಾಜು ತಿಕ್ಕುವುದು. ಪ್ಲಾಸ್ಟಿಕ್ ಗಾಜಿನ ಗೀರು ಟೂತ್‌ಪೇಸ್ಟ್ ಹಚ್ಚಿ ಹತ್ತಿಬಟ್ಟೆಯಲ್ಲಿ ಹತ್ತು ನಿಮಿಷ ಉಜ್ಜಿದರೆ ಬಹಳ ಮಟ್ಟಿಗೆ ಹೋಗುತ್ತದೆ.

ಕಲಬುರಗಿ_ಹುಡುಗ

ಮೇಷ್ಟ್ರೇ, ಆರ್ಡರ್ ಹಾಕಿದ್ದೆ. ಈಗಲೇ ರದ್ದು ಮಾಡಿದೆ.

ಮಲೆನಾಡ_ಮಳೆ

ನಾನು ತೀರ್ಥಹಳ್ಳಿ ಕಡೆಯವಳು. ಅಜ್ಜಯ್ಯನ ಎಚ್‌ಎಂಟಿ ಜನತಾ ವಾಚು ಇದೆ ನನ್ನ ಹತ್ತಿರ. ಅದು ಬಿಳಿ ಕೇಸು, ಚಿನ್ನದ್ದಲ್ಲ. ನಮ್ಮ ಮಳೆಗೆ, ಅಡಿಕೆ ತೋಟದ ಬೆವರಿಗೆ ಕೇಸು ಸಿಪ್ಪೆ ಸಿಪ್ಪೆಯಾಗಿ ಏಳುತ್ತಿದೆ. ಸಿಪ್ಪೆಯ ಅಂಚು ಬ್ಲೇಡಿನ ಥರ ಕೈ ಕೊಯ್ಯುತ್ತದೆ. ಇದಕ್ಕೂ ಅದೇ ಕ್ರಮವಾ? ಅಂಗಡಿಯವರು ಸ್ಟೀಲ್ ಪಾಲಿಷ್ ಮಾಡಿಬಿಡೋಣ ಅನ್ನುತ್ತಿದ್ದಾರೆ.

ಬೆಣ್ಣೆನಗರಿ_ವಾಚ್‌ರಿಪೇರಿ

ಅಕ್ಕ, ಪಾಲಿಷ್ ಮಾಡಿಸಬೇಡಿ. ಜನತಾದ ಕೇಸು ಸ್ಟೀಲ್ ಅಲ್ಲ, ಹಿತ್ತಾಳೆ ಮೇಲೆ ಕ್ರೋಮ್. ಸ್ಟೀಲಿನದು ಹಿಂದಿನ ಮುಚ್ಚಳ ಮಾತ್ರ, ಅದರ ಮೇಲೆ ಹಾಗೆಂದು ಬರೆದಿರುತ್ತದೆ ನೋಡಿ. ಮುಚ್ಚಳದ ಮೇಲೆ ಬರೆದದ್ದನ್ನು ಓದಿ ಪೂರ್ತಿ ವಾಚೇ ಸ್ಟೀಲ್ ಅಂದುಕೊಂಡವರು ಬಹಳ ಜನ. ಕ್ರೋಮ್ ಬಲು ಗಟ್ಟಿ, ಹಿತ್ತಾಳೆ ಮೆದು. ಬಫ್ ಕೊಟ್ಟರೆ ಕ್ರೋಮ್ ಇದ್ದ ಜಾಗ ಹಾಗೇ ನಿಲ್ಲುತ್ತದೆ, ಇಲ್ಲದ ಜಾಗ ಹಳ್ಳ ಬೀಳುತ್ತದೆ.

ನಗರ್ತಪೇಟೆ_ಪಾಲಿಷ್

ಅಕ್ಕ, ಕ್ರೋಮನ್ನು ತೊಟ್ಟಿಯಲ್ಲಿ ಬಿಡಿಸಬೇಕು, ಉಜ್ಜಿ ಅಲ್ಲ. ಆಮೇಲೆ ಗುಳಿ ತುಂಬುವುದು, ನಿಕ್ಕಲ್, ಎಲ್ಲ ಅದೇ ಕ್ರಮ. ಕೊನೆಯ ಪದರ ಮಾತ್ರ ಬೇರೆ. ಕ್ರೋಮ್ ಬೇಕೆಂದರೆ ಪೀಣ್ಯದ ಕಡೆ ದೊಡ್ಡ ಘಟಕಗಳು ಬೇಕು. ಅವರು ಗಾಡಿಯ ಭಾಗಗಳ ರಾಶಿಯ ನಡುವೆ ಒಂದು ವಾಚಿನ ಕೇಸು ತೆಗೆದುಕೊಳ್ಳುವುದು ಕಷ್ಟ. ಕ್ರೋಮ್ ತೊಟ್ಟಿಯ ಹೊಗೆ ಕ್ಯಾನ್ಸರ್ ತರುವಂಥದ್ದು, ನಮ್ಮಂಥ ಸಣ್ಣ ಅಂಗಡಿಯಲ್ಲಿ ಅದನ್ನು ಇಡುವುದಿಲ್ಲ, ಇಡಲೂಬಾರದು. ನಾವು ರೋಡಿಯಂ ಹಾಕುತ್ತೇವೆ, ವಜ್ರದ ಉಂಗುರಕ್ಕೆ ಹಾಕುವುದು. ಕ್ರೋಮಿನಲ್ಲಿ ಒಂದು ಸಣ್ಣ ನೀಲಿ ಛಾಯೆ ಇರುತ್ತದೆ, ರೋಡಿಯಂ ಬೆಳ್ಳಗೆ. ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಗೊತ್ತಾಗುತ್ತದೆ, ಕೈಯಲ್ಲಿ ಗೊತ್ತಾಗುವುದಿಲ್ಲ. ಬರೀ ನಿಕ್ಕಲ್‌ಗೆ ನಿಲ್ಲಿಸಬೇಡಿ, ನಿಮ್ಮ ಮಳೆಗೆ ಒಂದೇ ವರ್ಷದಲ್ಲಿ ಮಂಕಾಗುತ್ತದೆ.

ಎಲ್ಜಿನ್_ಪ್ರಿಯ

ಶಿಕಾಗೋ ಹತ್ತಿರ ಇರುವ ಮೈಸೂರಿನವನು ನಾನು. ಇಲ್ಲಿಯ ಎಲ್ಜಿನ್, ವಾಲ್ಥಮ್ ಜೇಬುಗಡಿಯಾರ ಕೂಡಿಡುತ್ತೇನೆ. ಅವುಗಳ ಕೇಸಿನಲ್ಲಿ ಗೋಲ್ಡ್ ಫಿಲ್ಡ್ ಅಂತ ಇರುತ್ತದೆ. ಅದು ತೊಟ್ಟಿಯಲ್ಲಿ ಹಾಕಿದ ಚಿನ್ನ ಅಲ್ಲ. ಹಿತ್ತಾಳೆ ತಗಡಿನ ಎರಡೂ ಕಡೆ ಚಿನ್ನದ ಹಾಳೆ ಇಟ್ಟು ಕಾಯಿಸಿ ಒತ್ತಿ ಕೂಡಿಸಿದ್ದು. ದಪ್ಪ ಎಷ್ಟೋ ಪಟ್ಟು ಜಾಸ್ತಿ. ಅಂಥ ಕೇಸು ಊರಿನಲ್ಲಿ ಯಾರ ಹತ್ತಿರವಾದರೂ ಇದ್ದರೆ ಹಳೇ ಪದರ ತೆಗೆಸಬೇಡಿ. ಹೊಸದಾಗಿ ಹಾಕಿಸುವುದು ಯಾವುದೂ ಅದರಷ್ಟು ದಪ್ಪ ಇರುವುದಿಲ್ಲ. ಸವೆದದ್ದು ಕಂಡರೂ ಹಾಗೇ ಬಿಡಿ.

ಹಳೇವಾಚು_ಹುಬ್ಬಳ್ಳಿ

ಒಪ್ಪಿದೆ. ನನ್ನ ಮೊದಲಿನ ಮಾತನ್ನೂ ಸ್ವಲ್ಪ ತಿದ್ದಿಕೊಳ್ಳುತ್ತೇನೆ. ಮಾಡಿಸಿ, ಆದರೆ ಏನು ಮಾಡಿಸಿದಿರಿ ಅಂತ ಒಂದು ಚೀಟಿಯಲ್ಲಿ ಬರೆದು ವಾಚಿನ ಡಬ್ಬಿಯಲ್ಲಿಡಿ. ತಾರೀಕು, ಪದರ, ತೂಕ. ಮುಂದೆ ಯಾರ ಕೈಗಾದರೂ ಹೋದರೆ ಅವರು ಮೋಸ ಹೋಗಬಾರದು. ಎಚ್‌ಎಂಟಿಯ ವಾಚ್ ಕಂಪನಿ 2016ರಲ್ಲಿ ಮುಚ್ಚಿತು, ಆ ಕಾಲದ ಕೇಸು ಮತ್ತೆ ಬರುವುದಿಲ್ಲ. ಇರುವುದರ ಲೆಕ್ಕ ಸರಿ ಇರಲಿ.

ಟೈಲರ್_ಮಗ_ತಿಪಟೂರು

ಆರು ವಾರ ಆಯಿತು, ತಡವಾಗಿ ಬರೆಯುತ್ತಿದ್ದೇನೆ. ವಾಚು ಬಂತು.

ನಾನು ಬೆಂಗಳೂರಿಗೆ ಹೋಗಿ ಒಬ್ಬರ ಅಂಗಡಿಯಲ್ಲೇ ನಿಂತು ನೋಡಿದೆ. ಗುಳಿಗೆ ತಾಮ್ರ ಮೂರು ಸಲ ಕೂರಿಸಿದರು. ಮಧ್ಯೆ ಮಧ್ಯೆ ಉಜ್ಜಿದ್ದು ಕೈಯಲ್ಲೇ. ಆಗ ಕೇಸು ಪೂರ್ತಿ ಕೆಂಪಗೆ, ಹೊಸ ತಂಬಿಗೆಯ ಹಾಗೆ ಕಾಣುತ್ತಿತ್ತು. ಅಪ್ಪನಿಗೆ ಫೋಟೋ ಕಳಿಸಿದೆ, "ಇದೇನೋ ತಾಮ್ರದ್ದು ಮಾಡಿಬಿಟ್ಟರು" ಅಂತ ಫೋನು ಮಾಡಿದರು.

ನನಗೆ ಬಹಳ ಹಿಡಿಸಿದ್ದು ತೊಳೆಯುವ ಕೆಲಸ. ಮೊದಲು ಅಂಟುವಾಳದ ನೊರೆಯಲ್ಲಿ ಬ್ರಷ್ಷು ಹಾಕಿ ತಿಕ್ಕಿದರು, ಆಮೇಲೆ ತೊಳೆಯುವ ಮಷೀನಿನ ತೊಟ್ಟಿಯಲ್ಲಿ ಬಿಟ್ಟರು. ತೆಗೆದು, ಶುದ್ಧ ನೀರಿನಲ್ಲಿ ಅದ್ದಿ, ತಂತಿಯಲ್ಲಿ ಎತ್ತಿ ಹಿಡಿದರು. "ನೀರು ನೋಡಿ" ಅಂದರು. ಕೇಸಿನ ಮೇಲೆ ನೀರು ಒಂದೇ ಹಾಳೆಯಾಗಿ ಹಬ್ಬಿತ್ತು. ಆದರೆ ಒಂದು ಕಿವಿಯ ಬುಡದಲ್ಲಿ ಮಾತ್ರ ಕೆಸುವಿನ ಎಲೆ ಮೇಲಿನ ಹಾಗೆ ಸಣ್ಣ ಹನಿ ಗುಂಡಗೆ ನಿಂತಿತ್ತು. "ಅಲ್ಲಿ ಇನ್ನೂ ಜಿಡ್ಡಿದೆ, ಹಾಗೇ ಹಾಕಿದರೆ ಅಲ್ಲಿಂದಲೇ ಎದ್ದು ಬರುತ್ತದೆ" ಅಂತ ಮತ್ತೆ ಮೊದಲಿನಿಂದ ತೊಳೆದರು. ಮೂರನೇ ಸಲಕ್ಕೆ ಹನಿ ನಿಲ್ಲಲಿಲ್ಲ. ಆಮೇಲೆ ಯಾರೂ ಬರಿಗೈಯಲ್ಲಿ ಮುಟ್ಟಲಿಲ್ಲ.

ತೂಕ: ನಿಕ್ಕಲ್ ಆದ ಮೇಲೆ 9.412 ಗ್ರಾಂ. ಚಿನ್ನ ಆದ ಮೇಲೆ 9.548. ವ್ಯತ್ಯಾಸ 136 ಮಿಲಿಗ್ರಾಂ. 29ರಿಂದ ಭಾಗಿಸಿದರೆ 4.7 ಮೈಕ್ರಾನ್. ಅವರು 5 ಅಂದಿದ್ದರು. ನನಗೆ ಸಮಾಧಾನ. ಬಣ್ಣ 2ಎನ್ ಹಾಕಿಸಿದೆ, ಹಳೇ ಫೋಟೋ ಪಕ್ಕ ಇಟ್ಟು ನೋಡಿದರೆ ಹೊಂದುತ್ತದೆ. 12ರ ಕಡೆಯ ಕಿವಿಗಳು ಮೊದಲೇ ಎಷ್ಟು ಸವೆದಿದ್ದವೋ ಅಷ್ಟೇ ಇವೆ, 6ರ ಕಡೆಯವುಗಳಿಗಿಂತ ಒಂದು ಚೂರು ಸಣ್ಣ. ಅದನ್ನು ಸಮ ಮಾಡಲು ಇನ್ನೆರಡು ಕಿವಿಗಳನ್ನು ಉಜ್ಜಬೇಡಿ ಅಂದೆ. ಉಗುರು ಎಳೆದೆ, ಅಂಚು ತಡೆಯುತ್ತದೆ.

ಮುಚ್ಚಳವನ್ನು ಊರಿನಲ್ಲಿ ನಮ್ಮ ವಾಚಿನವರೇ ಒತ್ತಿದರು. ಜಾಲಹಳ್ಳಿ ಅಮ್ಮ, ಕಿವಿ ಕೊಟ್ಟು ಕೇಳಿದೆ. ಒಂದೇ ಟಕ್.

ಜಾಲಹಳ್ಳಿ_ನಿವೃತ್ತೆ

ಕಣ್ಣು ತುಂಬಿತು ತಮ್ಮ. ಅಪ್ಪನವರಿಗೆ ನನ್ನ ನಮಸ್ಕಾರ ತಿಳಿಸಿ. ಬೆವರು ಬಂದ ದಿನ ರಾತ್ರಿ ಬಿಚ್ಚಿದ ಮೇಲೆ ಒಣ ಹತ್ತಿಬಟ್ಟೆಯಲ್ಲಿ ಒರೆಸಿ ಇಡಲು ಹೇಳಿ, ಮುಚ್ಚಳದ ಸುತ್ತ ಮುಖ್ಯ. ಕಿಲುಬು ಶುರುವಾಗುವುದೇ ಅಲ್ಲಿ. ಸೆಂಟು, ಸ್ಯಾನಿಟೈಸರ್ ತಾಗಿಸಬೇಡಿ. ಬೆಲ್ಟು ಚರ್ಮದ್ದೇ ಇರಲಿ, ಲೋಹದ ಚೈನು ಕಿವಿಗಳ ಒಳಮಗ್ಗುಲನ್ನು ಕೊರೆಯುತ್ತದೆ.

ಟೈಲರ್_ಮಗ_ತಿಪಟೂರು

ಹೇಳಿದೆ ಅಮ್ಮ. ಮದುವೆಯಲ್ಲಿ ಅಪ್ಪ ಅರ್ಧ ತೋಳಿನ ಅಂಗಿ ಹಾಕಿಕೊಂಡಿದ್ದರು.

ಮಲೆನಾಡ_ಮಳೆ

ಓದಿ ನನಗೂ ಧೈರ್ಯ ಬಂತು. ಜನತಾ ಬಿಚ್ಚಿಸಿ ಕೇಸು ಕಳಿಸುತ್ತಿದ್ದೇನೆ. ನಗರ್ತಪೇಟೆ ಅಣ್ಣ, ರೋಡಿಯಂಗೂ ತೂಕದ ಲೆಕ್ಕ ಆಗುತ್ತದಾ?

ನಗರ್ತಪೇಟೆ_ಪಾಲಿಷ್

ಆಗುವುದಿಲ್ಲ ಅಕ್ಕ. ರೋಡಿಯಂ ಹಾಕುವುದೇ 0.2 ಮೈಕ್ರಾನಿನ ಹತ್ತಿರ. ಪೂರ್ತಿ ಕೇಸಿಗೆ 4 ಮಿಲಿಗ್ರಾಂ ಕೂಡ ಬರುವುದಿಲ್ಲ, ತಕ್ಕಡಿ ಅಷ್ಟು ಸೂಕ್ಷ್ಮ ನಂಬುವ ಹಾಗಿಲ್ಲ. ನೀವು ನಿಕ್ಕಲ್ ತೂಕ ಕೇಳಿ. ಬಿಳಿ ಕೇಸಿಗೆ ಗಟ್ಟಿತನ ಕೊಡುವುದೇ ನಿಕ್ಕಲ್. 10 ಮೈಕ್ರಾನ್ ಕೂತಿದ್ದರೆ ಸುಮಾರು 130 ಮಿಲಿಗ್ರಾಂ ಏರಬೇಕು. ತಾಮ್ರ ಆದ ಮೇಲೆ ಒಂದು ತೂಕ, ನಿಕ್ಕಲ್ ಆದ ಮೇಲೆ ಒಂದು.

ಮಲೆನಾಡ_ಮಳೆ

ಸರಿ ಅಣ್ಣ. ಎರಡೂ ತೂಕ ಬರೆಸಿಕೊಂಡು ಇಲ್ಲೇ ಹಾಕುತ್ತೇನೆ.